ಸಹಜವೂ ವಿಕಾರವೂ

ತನ್ನ ಮೈಯ ಒಳಗೇನಿದೆಯೆಂದು ನೋಡುವ ಕುತೂಹಲ ಮನುಷ್ಯನಿಗೆ ಹುಟ್ಟಿದಾಗಲೆಲ್ಲ ಅವನು ಮೊದಲು ಮುಂದೆ ಚಾಚಿದ್ದು ಕೈಯನ್ನೇ ಎಂದು ತೋರುತ್ತದೆ. 1895ನೆಯ ಇಸವಿಯ ಡಿಸೆಂಬರ್ 22ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ಎಂಬ ಊರಿನಲ್ಲಿ ರಾಂಟ್‌ಜೆನ್ ಎಂಬ ವಿಜ್ಞಾನಿಯು ತಾನು ಆಗತಾನೆ ಕಂಡುಹಿಡಿದಿದ್ದ ಕಿರಣಗಳ ದಾರಿಯಲ್ಲಿ ತನ್ನ ಪತ್ನಿಯ ಕೈಯನ್ನಿರಿಸಿ ಚಿತ್ರ ತೆಗೆದನು. ಎಲುಬುಗಳೂ ಬೆರಳಿನ ಉಂಗುರವೂ ಅದರಲ್ಲಿ ಗಾಢವಾಗಿ ಮೂಡಿದವು. ಮಾಂಸವು ಮಂಜಿನಂತೆ ಮಸುಕಾಯಿತು. ಎಂಬತ್ತೆರಡು ವರ್ಷಗಳ ತರುವಾಯ, 1977ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಪೀಟರ್ ಮ್ಯಾನ್ಸ್‌ಫೀಲ್ಡ್ ಮತ್ತು ಆಂಡ್ರ್ಯೂ ಮಾಡ್ಸ್‌ಲಿ ಎಂಬಿಬ್ಬರು, ಕ್ಷ-ಕಿರಣದ ನೆರವಿಲ್ಲದೆ, ಕಾಂತಬಲ ಮತ್ತು ರೇಡಿಯೋ ಅಲೆಗಳ ಸಹಾಯದಿಂದಲೇ ಜೀವಂತ ಮನುಷ್ಯನ ಅಂಗವೊಂದರ ಅಡ್ಡಕೊಯ್ತದ ಚಿತ್ರವನ್ನು ಪ್ರಕಟಿಸಿದರು. ಆ ಅಂಗವೂ ಬೆರಳೇ. ಇಂದು ನಾವು ಎಂ.ಆರ್.ಐ. ಎಂದು ಕರೆಯುವ ವಿದ್ಯೆ ಹೀಗೆ ಬೆರಳಿನಿಂದ ಮೊದಲುಗೊಂಡಿತು. ಮ್ಯಾನ್ಸ್‌ಫೀಲ್ಡರಿಗೆ 2003ರಲ್ಲಿ, ಅಮೆರಿಕದ ಪಾಲ್ ಲಾಟರ್‌ಬರ್ ಅವರೊಡನೆ, ನೊಬೆಲ್ ಪಾರಿತೋಷಕವು ದೊರೆಯಿತು.

ಕಾಣುವ ವಿದ್ಯೆ ಇಷ್ಟು ಮುಂದುವರಿದ ಮೇಲೆ ಅರಿಯುವ ಕಷ್ಟ ಕಡಮೆಯಾಗಿರಬೇಕೆಂದು ನಾವು ಭಾವಿಸುವುದು ಸ್ವಾಭಾವಿಕ. ಆದರೆ ನಡೆದದ್ದು ಬೇರೆ. ಬೆರಳಗೆಣ್ಣಿನ ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದು ನೋಡುವ ವೈದ್ಯನ ಮುಂದೆ ಇಂದು ನಿಂತಿರುವ ಪ್ರಶ್ನೆಯೆಂದರೆ, ಇಲ್ಲಿ ಕಾಣುವ ಈ ಗುರುತು ಸಹಜವೋ, ಸಂಧಿವಾತದ ಲಕ್ಷಣವೋ ಎಂಬುದು. ಇದು ವೈದ್ಯರ ಪ್ರಶ್ನೆ, ನಮಗೇಕೆ ಎಂದು ವಾಚಕರು ಕೇಳಬಹುದು. ಸಹಜವೆಂದರೇನು, ಅದರ ಅಳತೆಗೋಲನ್ನು ಎಲ್ಲಿಂದ ತರಬೇಕು, ಮತ್ತೊಬ್ಬ ಮನುಷ್ಯನಿಗೆ ‘ನೀನು ರೋಗಿ’ ಎಂದು ಹೇಳುವ ಅಧಿಕಾರ ಯಾವಾಗ ಬರುತ್ತದೆ ಎಂಬ ಮೂರು ಪ್ರಶ್ನೆಗಳು ಇದರೊಳಗೆ ಅಡಗಿವೆ. ಮಕ್ಕಳನ್ನು ದಿನವೂ ಅಳೆದು ಹೆಸರಿಡುವ ಕಸುಬಿನವರಾದ ನಮಗೆ ಇವು ಅಪರಿಚಿತವಲ್ಲ.

ಮೊದಲು ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ದೇಹದ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಜಲಜನಕದ ಪರಮಾಣುಗಳು ತುಂಬಿವೆ. ಪ್ರಬಲವಾದ ಅಯಸ್ಕಾಂತದ ನಡುವೆ ಕೈಯನ್ನಿರಿಸಿ ರೇಡಿಯೋ ಅಲೆಗಳನ್ನು ಹಾಯಿಸಿದರೆ ಆ ಪರಮಾಣುಗಳ ಬೀಜಗಳು ಆ ಅಲೆಗಳಿಗೆ ಒಂದು ಬಗೆಯ ಮರುದನಿ ಕೊಡುತ್ತವೆ. ಯಂತ್ರವು ಆ ಮರುದನಿಯನ್ನು ಕೇಳಿ ಚಿತ್ರವನ್ನು ಕಟ್ಟುತ್ತದೆ. ಕ್ಷ-ಕಿರಣದ ಚಿತ್ರವು ಮುಖ್ಯವಾಗಿ ಎಲುಬನ್ನು ತೋರಿಸಿದರೆ, ಇದು ಎಲುಬಿನ ಒಳಗಣ ಮಜ್ಜೆಯನ್ನೂ, ಕೀಲನ್ನು ಒಳಗಿನಿಂದ ಹೊದಿಸಿರುವ ತೆಳುಪೊರೆಯನ್ನೂ, ಕಟ್ಟುನಾರುಗಳನ್ನೂ, ಬೆರಳನ್ನು ಮಡಿಸುವ ಹುರಿಗಳನ್ನೂ ತೋರಿಸುತ್ತದೆ. ರುಮಟಾಯಿಡ್ ಸಂಧಿವಾತವೆಂಬ ಕ್ರೂರವಾದ ಬೇನೆಯಲ್ಲಿ ಈ ಚಿತ್ರವನ್ನು ನೋಡುವವರು ಮುಖ್ಯವಾಗಿ ಮೂರು ಗುರುತುಗಳನ್ನು ಅರಸುತ್ತಾರೆ. ಕೀಲಿನ ಒಳಪೊರೆ ಉರಿಗೊಂಡು ದಪ್ಪವಾಗಿರುವುದು ಒಂದು. ಮಜ್ಜೆಯಲ್ಲಿ ನೀರುಬಾವು ಕಾಣುವುದು ಇನ್ನೊಂದು. ಎಲುಬಿನ ಅಂಚು ಕೊರೆದು ತಿಂದಂತೆ ಸವೆದಿರುವುದು ಮೂರನೆಯದು. ಇವುಗಳಲ್ಲಿ ಮಜ್ಜೆಯ ನೀರುಬಾವು ಮುಂದೆ ಬರಲಿರುವ ಸವಕಳಿಯ ಮುನ್ಸೂಚನೆಯಾಗಿರುವುದುಂಟು. ಆದುದರಿಂದಲೇ ಬೇಗ ಕಾಣಬೇಕೆಂಬ ಆತುರ. ಒಮ್ಮೆ ತಿಂದುಹೋದ ಎಲುಬು ಮೊದಲಿನಂತಾಗುವುದು ಅಪರೂಪ. ಮದ್ದನ್ನು ಬೇಗ ತೊಡಗಿದಷ್ಟೂ ಕೈ ಉಳಿಯುವ ಸಂಭವ ಹೆಚ್ಚು. ಈ ಆತುರ ನ್ಯಾಯವಾದದ್ದೇ ಎಂಬುದನ್ನು ಮರೆತು ಮುಂದಿನ ಮಾತುಗಳನ್ನು ಯಾರೂ ಓದಬಾರದು.

ಆದರೆ ಈ ಮೂರು ಗುರುತುಗಳಿಗೂ ವೇಷಧಾರಿಗಳುಂಟು. ಬೆರಳಬುಡದ ಕೀಲನ್ನೇ ನೋಡಿ. ಅಂಗೈಯ ಎಲುಬಿನ ಗುಂಡು ತಲೆಯ ಎರಡು ಪಕ್ಕಗಳಲ್ಲಿ, ಕಟ್ಟುನಾರುಗಳು ಅಂಟಿಕೊಳ್ಳುವ ಕಡೆ, ಹುಟ್ಟಿನಿಂದಲೇ ಸಣ್ಣ ತಗ್ಗುಗಳಿರುತ್ತವೆ. ಎಲುಬಿಗೆ ರಕ್ತವನ್ನು ಒಯ್ಯುವ ನಾಳಗಳು ಒಳಹೊಗುವ ಕಿರುಗಂಡಿಗಳಿರುತ್ತವೆ. ಮೃದ್ವಸ್ಥಿಯ ಹೊದಿಕೆ ಮುಗಿದು ಕೀಲಿನ ಚೀಲ ಅಂಟಿಕೊಳ್ಳುವುದರೊಳಗೆ ಒಂದು ಕಿರಿದಾದ ಪಟ್ಟಿ ಹೊದಿಕೆಯಿಲ್ಲದೆ ಬರಿದಾಗಿರುತ್ತದೆ. ಸಂಧಿವಾತದ ಸವಕಳಿ ಮೊದಲು ತೊಡಗುವುದೂ ಈ ಬರಿಯ ಪಟ್ಟಿಯಲ್ಲೇ. ಅಂದರೆ ರೋಗವು ಬರುವ ಬಾಗಿಲಿನಲ್ಲೇ ಆರೋಗ್ಯದ ಗುರುತುಗಳೂ ನಿಂತಿವೆ. ಇನ್ನು ಹುರಿಗಳ ಸಂಗತಿ ಇನ್ನೂ ವಿಚಿತ್ರ: ಯಂತ್ರದ ಕಾಂತರೇಖೆಗೆ ಸುಮಾರು 55 ಅಂಶಗಳ ಕೋನದಲ್ಲಿ ಓರೆಯಾಗಿ ಬಿದ್ದ ಹುರಿಯು, ತನ್ನಲ್ಲಿ ಯಾವ ದೋಷವಿಲ್ಲದಿದ್ದರೂ, ಕೆಲವು ಬಗೆಯ ಚಿತ್ರಗಳಲ್ಲಿ ಬೆಳ್ಳಗೆ ಹೊಳೆದು ಬೇನೆಯಂತೆ ತೋರುತ್ತದೆ. ಬೆರಳನ್ನು ಸ್ವಲ್ಪ ಬೇರೆಯಾಗಿ ಇರಿಸಿದ್ದರೆ ಆ ‘ಬೇನೆ’ ಇರುತ್ತಿರಲಿಲ್ಲ! ಒಳಪೊರೆಯ ಉರಿಯನ್ನು ತೋರಿಸಲು ಗ್ಯಾಡೋಲಿನಿಯಂ ಎಂಬ ಮೂಲಧಾತುವಿನ ಮದ್ದನ್ನು ರಕ್ತಕ್ಕೆ ಹೊಗಿಸುತ್ತಾರೆ. ಆರೋಗ್ಯವಾದ ಪೊರೆಯೂ ಅದನ್ನು ಸ್ವಲ್ಪ ಹೀರಿ ಬೆಳಗುತ್ತದೆ. ಚಿತ್ರ ತೆಗೆಯುವುದು ತಡವಾದರೆ ಮದ್ದು ಕೀಲಿನ ದ್ರವಕ್ಕೂ ಸೋರಿ, ಪೊರೆಯೆಲ್ಲಿ ಮುಗಿಯಿತು, ದ್ರವವೆಲ್ಲಿ ತೊಡಗಿತು ಎಂದು ಹೇಳುವುದೇ ಕಷ್ಟವಾಗುತ್ತದೆ. ಇದಲ್ಲದೆ ಚಿತ್ರದ ಒಂದೊಂದು ಹಾಳೆಗೂ ಇಂತಿಷ್ಟು ದಪ್ಪವುಂಟು. ಆ ದಪ್ಪದೊಳಗೆ ಎಲುಬಿನ ಅಂಚೂ ಪಕ್ಕದ ಮಾಂಸವೂ ಒಟ್ಟಿಗೆ ಸಿಕ್ಕಿದರೆ ಎರಡೂ ಬೆರೆತು, ಇಲ್ಲದ ತೂತು ಇದ್ದಂತೆ ಕಾಣಿಸುತ್ತದೆ.

ಇವನ್ನೆಲ್ಲ ಬಲ್ಲವರು ನಿಯಮಗಳನ್ನು ಕಟ್ಟದೆ ಇರಲಿಲ್ಲ. 2003ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮೂಹವೊಂದು ರ್‍ಯಾಮ್‌ರಿಸ್ ಎಂಬ ಅಂಕಪದ್ಧತಿಯನ್ನು ಪ್ರಕಟಿಸಿತು. ಅದರ ಪ್ರಕಾರ ಪೊರೆಯ ಉರಿಗೆ ಸೊನ್ನೆಯಿಂದ 3ರ ವರೆಗೆ ಅಂಕ, ಮಜ್ಜೆಯ ನೀರುಬಾವಿಗೂ ಅಷ್ಟೇ, ಸವಕಳಿಗೆ ಮಾತ್ರ ಸೊನ್ನೆಯಿಂದ 10ರ ವರೆಗೆ, ಎಲುಬಿನ ಹತ್ತನೆಯ ಒಂದೊಂದು ಭಾಗಕ್ಕೆ ಒಂದೊಂದು ಅಂಕ. ಸವಕಳಿಯೆನ್ನಬೇಕಾದರೆ ಅದರ ಅಂಚು ಸ್ಪಷ್ಟವಾಗಿರಬೇಕು, ಅದು ಎರಡು ದಿಕ್ಕುಗಳಿಂದ ತೆಗೆದ ಚಿತ್ರಗಳಲ್ಲಿಯೂ ಕಾಣಬೇಕು, ಎಲುಬಿನ ಹೊರಗವಚವು ಅವುಗಳಲ್ಲಿ ಒಂದರಲ್ಲಾದರೂ ಒಡೆದಿರಬೇಕು. 2005ರಲ್ಲಿ ಅಂಕ ಕೊಡುವವರ ಕಣ್ಣುಗಳು ಒಂದೇ ತೆರನಾಗಿ ನೋಡಲೆಂದು ಮಾದರಿ ಚಿತ್ರಗಳ ಒಂದು ಪುಸ್ತಕವೂ ಬಂದಿತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಮುನ್ನ ಮಾದರಿ ಉತ್ತರಗಳನ್ನು ಹಂಚಿಕೊಳ್ಳುವ ಪದ್ಧತಿಯನ್ನು ಬಲ್ಲ ನಮಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಒಂದೇ ಪತ್ರಿಕೆಗೆ ಒಬ್ಬರು 41 ಕೊಟ್ಟರೆ ಮತ್ತೊಬ್ಬರು 52 ಕೊಡುವ ಲೋಕದಲ್ಲಿ ನಾವಿದ್ದೇವೆ. ಬೆರಳ ಚಿತ್ರಗಳನ್ನು ಓದುವವರೂ ಇಬ್ಬರಿದ್ದು, ರೋಗಿಯ ಹೆಸರನ್ನೂ ಕಥೆಯನ್ನೂ ತಿಳಿಯದೆ ಅಂಕವಿತ್ತು, ಆಮೇಲೆ ತಮ್ಮಿಬ್ಬರ ಹೊಂದಾಣಿಕೆ ಎಷ್ಟೆಂದು ಲೆಕ್ಕ ಹಾಕುವುದು ಸಂಶೋಧನೆಯಲ್ಲಿ ರೂಢಿ.

ಆದರೆ ಅಂಕಪದ್ಧತಿ ಒಂದು ಪ್ರಶ್ನೆಗೆ ಉತ್ತರ ಕೊಡಲಾರದು. 1 ಎಂಬ ಅಂಕ ರೋಗವೇ? ಸೊನ್ನೆ ಮಾತ್ರ ಆರೋಗ್ಯವೇ? ಇದನ್ನರಿಯಲು ರೋಗಿಗಳನ್ನು ಎಷ್ಟು ನೋಡಿದರೂ ಸಾಲದು. ನೋವಿಲ್ಲದವರನ್ನು ನೋಡಬೇಕು. ಆಶ್ಚರ್ಯವೆಂದರೆ ಜನರು ಇದನ್ನು ಬಹುಕಾಲ ವಿಸ್ತಾರವಾಗಿ ಮಾಡಿರಲಿಲ್ಲ. ನೋವಿಲ್ಲದವನು ಆಸ್ಪತ್ರೆಗೆ ಏಕೆ ಬರುತ್ತಾನೆ? 2004ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಆರೋಗ್ಯವಂತರ ಮಣಿಕಟ್ಟು ಬೆರಳುಗಳನ್ನು ಪರೀಕ್ಷಿಸಿ, ಅವರಲ್ಲಿಯೂ ಸವಕಳಿಯನ್ನೂ ಪೊರೆಯ ಉರಿಯನ್ನೂ ಹೋಲುವ ಗುರುತುಗಳು ಆಗಾಗ ಕಾಣುವುದೆಂದು ವರದಿ ಮಾಡಿದರು. ಬಳಿಕ 2016ರಲ್ಲಿ ಹಾಲೆಂಡಿನ ಲೈಡನ್ ನಗರದಿಂದ ಬಂದ ವರದಿಯು ಈ ಮಾತನ್ನು ಇನ್ನೂ ಗಟ್ಟಿಮಾಡಿತು. ಅಲ್ಲಿ ಕೀಲುಗಳ ತೊಂದರೆಯಿಲ್ಲದ 193 ಮಂದಿ, ಹತ್ತೊಂಬತ್ತರ ಹರೆಯದವರಿಂದ ಎಂಬತ್ತು ದಾಟಿದ ವೃದ್ಧರವರೆಗೆ, ಬಂದು ಕೈಕಾಲುಗಳ ಚಿತ್ರ ತೆಗೆಸಿಕೊಂಡರು. ಅವರಲ್ಲಿ ಉರಿಯ ಒಂದೂ ಗುರುತಿಲ್ಲದವರು ನೂರಕ್ಕೆ 28 ಮಂದಿ ಮಾತ್ರ. ಸವಕಳಿಯ ಒಂದೂ ಗುರುತಿಲ್ಲದವರು ನೂರಕ್ಕೆ 22 ಮಂದಿ. ಗುರುತುಗಳು ಬಹುಮಟ್ಟಿಗೆ ಸಣ್ಣವು, ಆದರೆ ವಯಸ್ಸು ಏರಿದಂತೆ ಅವೂ ಏರುತ್ತಿದ್ದವು. ತೋರುಬೆರಳು, ನಡುಬೆರಳುಗಳ ಬುಡದಲ್ಲಿ ಅವು ಹೆಚ್ಚು. ರುಮಟಾಯಿಡ್ ಬೇನೆಗೆ ಬಹಳ ಪ್ರಿಯವಾದ ಎಡೆಗಳೂ ಅವೇ.

ಈ ಸಂಖ್ಯೆಗಳ ಮುಂದೆ ಒಂದು ನಿಮಿಷ ನಿಲ್ಲಬೇಕು. ದೋಷರಹಿತವಾದ ಕೈಯೇ ಸಹಜವಾದ ಕೈ ಎಂದು ನಾವು ತಿಳಿದುಕೊಂಡಿದ್ದರೆ, ಸಹಜವಾದ ಕೈಗಳು ಲೋಕದಲ್ಲಿ ಅಲ್ಪಸಂಖ್ಯಾತ. ಪುಸ್ತಕದ ಚಿತ್ರದಲ್ಲಿ ಬರೆದ ಕೈ ಯಾರ ಕೈಯೂ ಅಲ್ಲ.

ಹಾಗಾದರೆ ಸಹಜವೆಂದರೆ ಬಹುಜನರಲ್ಲಿ ಇರತಕ್ಕದ್ದು ಎನ್ನೋಣವೆ? ಇದು ಹೊಸ ಮಾತಲ್ಲ. ಬೆಲ್ಜಿಯಂ ದೇಶದ ಕೆಟ್ಲೆ ಎಂಬವನು 1835ರಲ್ಲಿ ‘ಸರಾಸರಿ ಮನುಷ್ಯ’ನ ಕಲ್ಪನೆಯನ್ನು ಮುಂದಿಟ್ಟನು. ಸರಾಸರಿಯಿಂದ ಎಷ್ಟು ದೂರವೋ ಅಷ್ಟು ದೋಷ ಎಂಬ ನಂಬಿಕೆ ಅಂದಿನಿಂದ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಬೇರುಬಿಟ್ಟಿತು. ಫ್ರಾನ್ಸಿನ ಕ್ಲೋದ್ ಬರ್ನಾರ್ ಎಂಬ ಶರೀರಶಾಸ್ತ್ರಜ್ಞನು ರೋಗವೆಂದರೆ ಆರೋಗ್ಯದ ವ್ಯಾಪಾರಗಳೇ ಹೆಚ್ಚಾಗುವುದು ಅಥವಾ ಕುಂದುವುದು, ಎರಡಕ್ಕೂ ನಡುವೆ ಜಾತಿಭೇದವಿಲ್ಲ, ಪ್ರಮಾಣಭೇದ ಮಾತ್ರ ಎಂಬ ಪಕ್ಷವನ್ನು ಹಿಡಿದನು. ಇದನ್ನು ಎದುರಿಸಿದವನು ಅದೇ ದೇಶದ ಜಾರ್ಜ್ ಕಾಂಗಿಲೆಮ್. ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದು ಆಮೇಲೆ ವೈದ್ಯವನ್ನೂ ಕಲಿತ ಈತನು 1943ರಲ್ಲಿ, ಸಹಜ ಮತ್ತು ರೋಗಗ್ರಸ್ತ ಎಂಬ ಭಾವನೆಗಳನ್ನೇ ವಿಷಯವಾಗಿಟ್ಟು, ವೈದ್ಯಪದವಿಗಾಗಿ ಪ್ರಬಂಧವನ್ನು ಬರೆದನು. ಆತನ ವಾದದ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಸರಾಸರಿಯು ಲೆಕ್ಕದ ಸಂಗತಿ, ಸಹಜವು ಬದುಕಿನ ಸಂಗತಿ. ಸುತ್ತಲಿನ ಪರಿಸ್ಥಿತಿ ಬದಲಾದಾಗ ಅದಕ್ಕೆ ತಕ್ಕ ಹೊಸ ನಡೆಯನ್ನು ತಾನೇ ಕಟ್ಟಿಕೊಳ್ಳಬಲ್ಲ ಜೀವ ಆರೋಗ್ಯವಾದದ್ದು. ಒಂದೇ ಇಕ್ಕಟ್ಟಾದ ನಡೆಗೆ ಸಿಲುಕಿ ಅದರಿಂದಾಚೆ ಕಾಲಿಡಲಾರದ ಜೀವ ರೋಗದಲ್ಲಿದೆ. ಹೀಗೆ ನೋಡಿದರೆ ರೋಗವನ್ನು ಮೊದಲು ಅರಿಯುವವನು ಅದನ್ನು ಅನುಭವಿಸುವವನೇ. ಪ್ರಯೋಗಶಾಲೆ ಅವನ ಹಿಂದೆ ಬರುತ್ತದೆ.

ನಮ್ಮ ದೇಶದ ಪ್ರಾಚೀನರು ಬಳಸಿದ ‘ಸ್ವಸ್ಥ’ ಎಂಬ ಪದವನ್ನೂ ಇಲ್ಲಿ ನೆನೆಯಬಹುದು. ತನ್ನಲ್ಲಿ ತಾನು ನೆಲೆಸಿರುವವನು ಎಂದು ಅದರ ಅಕ್ಷರಾರ್ಥ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತೆಯೊಂದಿಗೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಲಾಗಿದೆ. ಪ್ರಸನ್ನತೆಯನ್ನು ತೋರಿಸುವ ಯಂತ್ರವಿಲ್ಲ. ಹಿಂದಿನವರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹೊಗಳುವ ಪದ್ಧತಿ ನನಗೆ ಒಗ್ಗದು. ಬೆರಳಿನ ಮಜ್ಜೆಯಲ್ಲಿ ನೀರು ನಿಂತದ್ದನ್ನು ಅವರು ಕಂಡಿರಲಿಲ್ಲ. ಆದರೆ ಆರೋಗ್ಯದ ಲಕ್ಷಣದೊಳಗೆ ಆ ಮನುಷ್ಯನ ಸ್ವಂತ ಅನುಭವಕ್ಕೆ ಅವರು ಜಾಗವಿಟ್ಟಿದ್ದರೆಂಬುದು ಸಣ್ಣ ಮಾತಲ್ಲ.

ಆದರೂ ಕಾಂಗಿಲೆಮನ ಮಾತನ್ನು ಪೂರ್ತಿಯಾಗಿ ಒಪ್ಪಿ ಕುಳಿತುಕೊಳ್ಳುವಂತಿಲ್ಲ. ಅನುಭವವೇ ಮೊದಲ ಪ್ರಮಾಣವೆಂದರೆ, ಅನುಭವಕ್ಕೆ ಬಾರದೆ ಒಳಗೊಳಗೇ ಎಲುಬನ್ನು ತಿನ್ನುವ ಬೇನೆಯ ಗತಿಯೇನು? ನೋವು ಬರುವ ತನಕ ಕಾದರೆ ಕೈ ಹೋಗಿರಬಹುದು. ಸರಾಸರಿಯನ್ನು ಬಿಡಲೂ ಆಗದು, ಅದೊಂದನ್ನೇ ನೆಚ್ಚಲೂ ಆಗದು. ಲೈಡನ್ನಿನವರು ಮಾಡಿದ ಉಪಾಯ ಈ ಇಕ್ಕಟ್ಟಿನಿಂದ ಹುಟ್ಟಿದ್ದು. ನೋವಿಲ್ಲದ ಜನರಲ್ಲಿ, ಅದೇ ವಯಸ್ಸಿನವರಲ್ಲಿ, ಅದೇ ಕೀಲಿನಲ್ಲಿ, ನೂರಕ್ಕೆ ಐವರಿಗಿಂತ ಕಡಮೆ ಮಂದಿಯಲ್ಲಿ ಮಾತ್ರ ಕಾಣುವ ಗುರುತನ್ನು ಅಸಹಜವೆಂದು ಎಣಿಸೋಣ, ಉಳಿದದ್ದನ್ನು ಬಿಡೋಣ ಎಂದು ಅವರು ಗೆರೆ ಎಳೆದರು. ಹೀಗೆ ಮಾಡಿದಾಗ, ರೋಗವಿಲ್ಲದವರನ್ನು ರೋಗಿಗಳೆಂದು ಕರೆಯುವ ತಪ್ಪು ಕಡಮೆಯಾಯಿತೆಂದು 2017ರಲ್ಲಿ ಪ್ರಕಟಿಸಿದರು. ಎಪ್ಪತ್ತರ ಅಜ್ಜಿಯ ಬೆರಳನ್ನು ಇಪ್ಪತ್ತರ ಮೊಮ್ಮಗಳ ಬೆರಳಿನೊಂದಿಗೆ ಹೋಲಿಸಬಾರದೆಂಬುದು ಕೇಳಲು ಎಷ್ಟು ಸರಳ!

ಐದು ಏಕೆ, ಹತ್ತು ಏಕಲ್ಲ? ಇದಕ್ಕೆ ಪ್ರಕೃತಿಯಲ್ಲಿ ಉತ್ತರವಿಲ್ಲ. ಐದೆಂಬುದು ನಾವು ಮಾಡಿಕೊಂಡ ಒಪ್ಪಂದ. ಗಡಿನಾಡಿನವರಾದ ನಮಗೆ ಗೆರೆಗಳ ಸ್ವಭಾವ ಗೊತ್ತು. ಹಳ್ಳದ ಈಚೆಯ ಮನೆಯಲ್ಲಿ ಆಡುವ ಮಾತು ಆಚೆಯ ಮನೆಯ ಮಾತಿನೊಡನೆ ಬೆರೆತಿರುತ್ತದೆ. ಮನೆಮಾತು ಒಂದು, ಅಂಗಡಿಯ ಮಾತು ಮತ್ತೊಂದು. 1956ರ ನವೆಂಬರ್ ಒಂದರಂದು ನಕ್ಷೆಯ ಮೇಲೆ ಗೆರೆ ಬಿದ್ದಾಗ ಮಾತುಗಳು ಆ ಗೆರೆಯಲ್ಲಿ ನಿಲ್ಲಲಿಲ್ಲ. ಆದರೆ ಗೆರೆ ಸುಳ್ಳೆಂದೂ ಹೇಳುವಂತಿಲ್ಲ: ಮಗುವಿನ ಪಠ್ಯಪುಸ್ತಕ ಯಾವುದು, ಅರ್ಜಿ ಯಾವ ಭಾಷೆಯಲ್ಲಿರಬೇಕು ಎಂಬುದನ್ನು ಅದು ನಿಶ್ಚಯಿಸುತ್ತದೆ. ಸಹಜ ಮತ್ತು ರೋಗಗಳ ನಡುವಣ ಗೆರೆಯೂ ಹೀಗೆಯೇ. ದೇಹದಲ್ಲಿ ಅದು ಎಲ್ಲಿಯೂ ಬರೆದಿಲ್ಲ. ಬರೆದ ಮೇಲೆ ಮಾತ್ರ ಮನುಷ್ಯನ ಬಾಳು ಅದರಂತೆ ತಿರುಗುತ್ತದೆ. ಆದುದರಿಂದ ಗೆರೆಯನ್ನು ಎಳೆಯುವವನು, ಅದು ತಾನೆಳೆದದ್ದು ಎಂಬುದನ್ನು ಮರೆಯಬಾರದು.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಮ್ಮ ಸೀಮೆಯಲ್ಲಿ ಬೀಡಿ ಕಟ್ಟಿ ಜೀವನ ಮಾಡುವ ಹೆಂಗಸರು ಹಲವರಿದ್ದಾರೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುವ ಕೆಲಸವೆಲ್ಲ ಬೆರಳಿನದೇ. ಅಂತಹ ಒಬ್ಬಾಕೆ, ನಲವತ್ತೈದರ ಪ್ರಾಯದವಳು, ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯುವುದೆಂದು ಪೇಟೆಯ ವೈದ್ಯರ ಬಳಿಗೆ ಹೋಗುತ್ತಾಳೆ. ಹೊರಗೆ ಬಾವಿಲ್ಲ. ಹೇಗೋ ಹಣ ಹೊಂದಿಸಿ ಸ್ಕ್ಯಾನ್ ಮಾಡಿಸುತ್ತಾಳೆ. ವರದಿಯಲ್ಲಿ ನಡುಬೆರಳ ಬುಡದ ಪೊರೆಯಲ್ಲಿ ಅಲ್ಪ ಉರಿ, ಪಕ್ಕದ ಎಲುಬಿನಲ್ಲಿ ಸವಕಳಿಯಿರಬಹುದಾದ ಒಂದು ಚುಕ್ಕೆ ಎಂದು ಬಂದಿದೆ. ಅವಳಿಗೆ ಏನು ಹೇಳಬೇಕು?

‘ನಿನಗೆ ಸಂಧಿವಾತ’ ಎಂದರೆ ಅವಳು ಅಂದಿನಿಂದ ರೋಗಿ. ವಾರಕ್ಕೊಮ್ಮೆ ನುಂಗುವ ಮದ್ದು, ಅದು ಯಕೃತ್ತಿಗೆ ಕೆಡುಕು ಮಾಡಿತೇ ಎಂದು ನೋಡಲು ಆಗಾಗ ರಕ್ತಪರೀಕ್ಷೆ, ಪೇಟೆಗೆ ಹೋದ ದಿನದ ಕೂಲಿ ನಷ್ಟ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ‘ತಾಯಿಗೆ ವಾತವಂತೆ’ ಎಂಬ ಮಾತು ಊರಿನಲ್ಲಿ ಹರಡುವುದೂ ಒಂದು ಬೆಲೆಯೇ. ‘ಏನೂ ಇಲ್ಲ, ಕೆಲಸದ ಆಯಾಸ’ ಎಂದು ಕಳುಹಿಸಿದರೆ, ನಿಜವಾಗಿಯೂ ಬೇನೆ ತೊಡಗಿದ್ದ ಪಕ್ಷದಲ್ಲಿ, ಎರಡು ವರ್ಷಗಳೊಳಗೆ ಅವಳ ಜೀವನೋಪಾಯವಾದ ಬೆರಳುಗಳೇ ಹೋಗಬಹುದು. ಎರಡು ತಪ್ಪುಗಳೂ ಒಂದೇ ತೂಕದವಲ್ಲ, ಒಂದೇ ಬಗೆಯವೂ ಅಲ್ಲ. ಆದರೆ ಎರಡರ ಬೆಲೆಯನ್ನೂ ತೆರುವವಳು ಅವಳೇ, ಹೇಳುವವರಲ್ಲ. ಈ ಪ್ರಶ್ನೆ ನೀತಿಯ ಪ್ರಶ್ನೆಯಾಗುವುದು ಇಲ್ಲಿಯೇ.

ಇಂತಹ ಸಂದರ್ಭವನ್ನೇ ಪರೀಕ್ಷೆಗೆ ಒಡ್ಡಿದ ಎರಡು ಪ್ರಯತ್ನಗಳು ನಮ್ಮ ಕಾಲದಲ್ಲಿ ನಡೆದಿವೆ. ಮೊದಲನೆಯದು ಡೆನ್ಮಾರ್ಕಿನದು; 2019ರಲ್ಲಿ ಪ್ರಕಟವಾಯಿತು. ರುಮಟಾಯಿಡ್ ಬೇನೆಯಿದ್ದು ಮದ್ದಿನಿಂದ ಶಮನಗೊಂಡಿದ್ದ 200 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವೈದ್ಯರು ಎಂದಿನಂತೆ ಕೈಯಿಂದ ಪರೀಕ್ಷಿಸಿ ಮದ್ದನ್ನು ಹೆಚ್ಚುಕಡಮೆ ಮಾಡಿದರು. ಇನ್ನೊಂದು ಗುಂಪಿನಲ್ಲಿ ಎಂ.ಆರ್.ಐ. ಚಿತ್ರದಲ್ಲಿ ಮಜ್ಜೆಯ ನೀರುಬಾವು ಕಂಡಾಗಲೆಲ್ಲ ಮದ್ದನ್ನು ಏರಿಸಿದರು. ಎರಡು ವರ್ಷಗಳ ಬಳಿಕ ನೋಡಿದರೆ ಶಮನದ ಸ್ಥಿತಿಯಲ್ಲಿದ್ದವರು ಚಿತ್ರದ ಗುಂಪಿನಲ್ಲಿ ನೂರಕ್ಕೆ 85, ಎಂದಿನ ಗುಂಪಿನಲ್ಲಿ ನೂರಕ್ಕೆ 88. ಕ್ಷ-ಕಿರಣದಲ್ಲಿ ಎಲುಬಿನ ಹಾನಿ ಮುಂದುವರಿಯದವರು ಕ್ರಮವಾಗಿ ನೂರಕ್ಕೆ 66, 62. ಲೆಕ್ಕಶಾಸ್ತ್ರದ ಕಣ್ಣಿಗೆ ಇದು ವ್ಯತ್ಯಾಸವಲ್ಲ. ಗಂಭೀರವಾದ ಅನಾಹುತಗಳು ಮಾತ್ರ ಚಿತ್ರದ ಗುಂಪಿನಲ್ಲಿ 17 ಮಂದಿಗೆ, ಇನ್ನೊಂದರಲ್ಲಿ 6 ಮಂದಿಗೆ. ಕೆಲವು ಗೌಣವಾದ ಅಳತೆಗಳಲ್ಲಿ ಚಿತ್ರದ ಗುಂಪು ತುಸು ಮೇಲಾಗಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೂ ಚಿತ್ರಕ್ಕೆ ಚಿಕಿತ್ಸೆ ಮಾಡಿದರೆ ಮನುಷ್ಯನಿಗೆ ಚಿಕಿತ್ಸೆ ಮಾಡಿದಂತೆಯೇ ಆಗುವುದೆಂಬ ಭರವಸೆ ಅಲ್ಲಿ ಫಲಿಸಲಿಲ್ಲ.

ಎರಡನೆಯದು ಲೈಡನ್ನಿನವರದು, 2022ರಲ್ಲಿ ಪ್ರಕಟವಾಯಿತು. ಕೀಲುನೋವಿದ್ದು, ಹೊರಗೆ ಬಾವಿಲ್ಲದೆ, ಎಂ.ಆರ್.ಐ.ಯಲ್ಲಿ ಮಾತ್ರ ಉರಿ ಕಂಡ 236 ಮಂದಿ ಅದರಲ್ಲಿದ್ದರು. ನಮ್ಮ ಬೀಡಿಯಾಕೆಯಂಥವರೇ. ಅರ್ಧದಷ್ಟು ಮಂದಿಗೆ ಒಂದು ವರ್ಷ ಮೆಥೋಟ್ರೆಕ್ಸೇಟ್ ಎಂಬ ಮದ್ದನ್ನು ಕೊಟ್ಟರು, ಉಳಿದವರಿಗೆ ಹುಸಿಮದ್ದು. ಎರಡು ವರ್ಷಗಳಲ್ಲಿ ಪೂರ್ಣ ಸಂಧಿವಾತ ತಲೆದೋರಿದ್ದು ಮದ್ದು ಪಡೆದವರಲ್ಲಿ ನೂರಕ್ಕೆ 19, ಪಡೆಯದವರಲ್ಲಿ ನೂರಕ್ಕೆ 18. ಬೇನೆಯನ್ನು ತಡೆಯಲಾಗಲಿಲ್ಲ. ಆದರೆ ಮದ್ದು ಪಡೆದವರಲ್ಲಿ ನೋವು, ಬೆಳಗಿನ ಬಿಗುವು ಕಡಮೆಯಾದವು. ಕೆಲಸ ಮಾಡುವ ಶಕ್ತಿ ಹೆಚ್ಚಿತು. ಚಿತ್ರದ ಉರಿಯೂ ತಗ್ಗಿತು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಅಷ್ಟು ಎಚ್ಚರಿಕೆಯಿಂದ, ವಯಸ್ಸಿಗೆ ತಕ್ಕ ಗೆರೆಯನ್ನೆಳೆದು ಆರಿಸಿಕೊಂಡವರಲ್ಲಿಯೂ, ನೂರರಲ್ಲಿ ಎಂಬತ್ತಕ್ಕೂ ಮಿಕ್ಕ ಮಂದಿಗೆ ಆ ಎರಡು ವರ್ಷಗಳಲ್ಲಿ ಸಂಧಿವಾತ ಬರಲೇ ಇಲ್ಲ. ಅವರಿಗೆ ಮೊದಲ ದಿನವೇ ಆ ಹೆಸರನ್ನಿಟ್ಟಿದ್ದರೆ?

ಹೆಸರಿಡುವುದರ ಅಪಾಯವನ್ನು ಬಲ್ಲವರು ನಾವು. ಒಂದನೆಯ ತರಗತಿಯಲ್ಲಿ ‘ಮಂದ’ ಎಂದು ಗುರುತಿಸಿದ ಮಗುವನ್ನು ಎರಡನೆಯ ತರಗತಿಯ ಉಪಾಧ್ಯಾಯರು ಆ ಗುರುತಿನ ಮೂಲಕವೇ ನೋಡುತ್ತಾರೆ. ಮಗುವಿನ ಓದು ಸುಧಾರಿಸಿದರೂ ಹೆಸರು ಬೇಗ ಸುಧಾರಿಸುವುದಿಲ್ಲ. ಹಾಗೆಂದು ಅಕ್ಷರ ಕೂಡಿಸಲಾರದ ಮಗುವಿಗೆ ‘ಎಲ್ಲ ಸರಿಯಾಗಿದೆ’ ಎಂದು ವರದಿ ಬರೆದು ಮೇಲಿನ ತರಗತಿಗೆ ದಾಟಿಸುವುದೂ ದಯೆಯಲ್ಲ. ಅದು ನಮ್ಮ ತಾಪತ್ರಯವನ್ನು ಮುಂದಿನವರ ತಲೆಗೆ ಕಟ್ಟುವ ಜಾಣತನ.

ಇದಕ್ಕೆ ಎದುರಾದ ಇನ್ನೊಂದು ಅನ್ಯಾಯವೂ ಉಂಟು. ಅದನ್ನು ಹೇಳದೆ ಬಿಟ್ಟರೆ ವಿಚಾರ ಒಂದು ಕಡೆಗೆ ವಾಲುತ್ತದೆ. ಚಿತ್ರವು ಶುದ್ಧವಾಗಿದೆಯೆಂಬ ಕಾರಣದಿಂದ ನೋವನ್ನೇ ಇಲ್ಲವೆನ್ನುವುದು. ‘ಸ್ಕ್ಯಾನ್‌ನಲ್ಲಿ ಏನೂ ಬಂದಿಲ್ಲ, ನಿಮಗೆ ಏನೂ ಆಗಿಲ್ಲ’ ಎಂಬ ವಾಕ್ಯದಲ್ಲಿ ಮೊದಲರ್ಧ ಸತ್ಯ, ಎರಡನೆಯರ್ಧ ಆ ಸತ್ಯದಿಂದ ಹುಟ್ಟಿದ್ದಲ್ಲ. ಯಂತ್ರವು ನೀರನ್ನೂ ಕೊಬ್ಬನ್ನೂ ಬಲ್ಲದು; ನೋವನ್ನು ಅರಿಯದು. ಬಡವರ, ಅದರಲ್ಲಿಯೂ ಹೆಂಗಸರ ನೋವಿಗೆ ಸಾಕ್ಷಿ ಕೇಳುವ ಅಭ್ಯಾಸ ನಮ್ಮಲ್ಲಿ ಮೊದಲೇ ಇದೆ. ಯಂತ್ರವು ಆ ಅಭ್ಯಾಸಕ್ಕೆ ಹೊಸ ಮುದ್ರೆಯನ್ನು ಒತ್ತಬಾರದು.

ವಯಸ್ಸಿನ ಮಾತೊಂದು ಉಳಿಯಿತು. ಹದಿನೆಂಟನೆಯ ಶತಮಾನದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ ಎಂಬವನು ಬೆರಳಿನ ತುದಿಗೆಣ್ಣುಗಳಲ್ಲಿ ಕಡಲೆಯಷ್ಟು ಗಾತ್ರದ ಗಟ್ಟಿ ಗಂಟುಗಳನ್ನು ಗಮನಿಸಿದನು. ಇದು ಅಂದು ಎಲ್ಲ ಕೀಲುನೋವಿಗೂ ಹಚ್ಚುತ್ತಿದ್ದ ಗೌಟ್ ಬೇನೆಯಲ್ಲವೆಂದು ಆತನು ಕಂಡುಕೊಂಡನು. ಆತನ ಮರಣಾನಂತರ 1802ರಲ್ಲಿ ಹೊರಬಂದ ಗ್ರಂಥದಲ್ಲಿ ಈ ವಿಚಾರವಿದೆ. ಆ ಗಂಟುಗಳಿಗೆ ಇಂದಿಗೂ ಅವನ ಹೆಸರೇ. ಯಂತ್ರವಿಲ್ಲದೆ, ಮುಟ್ಟಿ, ನೋಡಿ, ಕೇಳಿ, ವರ್ಷಗಟ್ಟಲೆ ಕಾದು ಆತನು ಒಂದನ್ನು ಮತ್ತೊಂದರಿಂದ ಬೇರ್ಪಡಿಸಿದನು. ನಮ್ಮ ಅಜ್ಜಿಯರ ಬೆರಳತುದಿಯ ಗಂಟುಗಳು ಬಹುಮಟ್ಟಿಗೆ ಈ ಜಾತಿಯವು, ಸವೆತದ ಸಂಧಿವಾತದವು. ರುಮಟಾಯಿಡ್ ಬೇನೆ ಸಾಮಾನ್ಯವಾಗಿ ತುದಿಗೆಣ್ಣನ್ನು ಬಿಟ್ಟು ಬುಡದ ಮತ್ತು ನಡುವಿನ ಗೆಣ್ಣುಗಳನ್ನು ಹಿಡಿಯುತ್ತದೆ. ಗಂಟು ರೋಗವೋ ವಯಸ್ಸೋ ಎಂದರೆ, ನನಗೆ ತೋರುವಂತೆ, ಆ ಅಜ್ಜಿಗೆ ಸೂಜಿಗೆ ದಾರ ಪೋಣಿಸಲು ಆಗುವುದೋ ಇಲ್ಲವೋ ಎಂಬುದನ್ನು ಕೇಳದೆ ಉತ್ತರ ಹೇಳಬಾರದು.

2010ರಲ್ಲಿ ಅಮೆರಿಕ ಮತ್ತು ಯೂರೋಪುಗಳ ತಜ್ಞರು ಸೇರಿ ರುಮಟಾಯಿಡ್ ಬೇನೆಯನ್ನು ವರ್ಗೀಕರಿಸಲು ಮಾಡಿದ ನಿಯಮಾವಳಿಯಲ್ಲಿಯೂ ಮೊದಲ ಹೆಜ್ಜೆ, ಪರೀಕ್ಷಿಸುವ ವೈದ್ಯನು ಕನಿಷ್ಠ ಒಂದು ಕೀಲಿನಲ್ಲಿ ನಿಶ್ಚಿತವಾದ ಬಾವನ್ನು ಕಂಡಿರಬೇಕೆಂಬುದೇ. ಅದು ಬೇರೊಂದು ಬೇನೆಯಿಂದ ಬಂದದ್ದೂ ಆಗಿರಬಾರದು. ಆಮೇಲೆ ಎಷ್ಟು ಕೀಲುಗಳು, ರಕ್ತದಲ್ಲಿ ಯಾವ ಗುರುತುಗಳು, ಎಷ್ಟು ವಾರಗಳಿಂದ ಎಂಬ ಲೆಕ್ಕ. ಒಬ್ಬ ಮನುಷ್ಯನ ಬೆರಳು ಮತ್ತೊಬ್ಬ ಮನುಷ್ಯನ ಬೆರಳನ್ನು ಮುಟ್ಟಿ ನೋಡುವುದರಿಂದ ವಿಚಾರಣೆ ತೊಡಗಬೇಕೆಂಬುದು ನನಗೆ ಸಮಾಧಾನದ ಸಂಗತಿ. ಚಿತ್ರವು ಸಾಕ್ಷಿ, ನ್ಯಾಯಾಧೀಶನಲ್ಲ.

ಹಾಗಾದರೆ ನಾವು ಕಲ್ಪಿಸಿಕೊಂಡ ಆ ಹೆಂಗಸು ವರದಿಯ ಲಕೋಟೆಯನ್ನು ಮೇಜಿನ ಮೇಲಿಟ್ಟು, ‘ಡಾಕ್ಟ್ರೇ, ನನಗೆ ವಾತ ಉಂಟೋ ಇಲ್ಲವೋ, ಅದೊಂದು ಹೇಳಿಬಿಡಿ’ ಎಂದು ಕೇಳಿದರೆ? ಉಂಟು ಎನ್ನುವುದೂ ಇಲ್ಲ ಎನ್ನುವುದೂ ಸುಲಭ; ಎರಡರಿಂದಲೂ ಮಾತು ಬೇಗ ಮುಗಿಯುತ್ತದೆ, ಹೊರಗೆ ಸಾಲು ಉದ್ದವಿರುತ್ತದೆ. ಕಷ್ಟವಾದ ಉತ್ತರ ಮೂರನೆಯದು: ‘ನೋಡಿ ಅಮ್ಮ, ನಿಮ್ಮ ಪ್ರಾಯದವರಲ್ಲಿ ಇಂಥ ಚುಕ್ಕೆ ನೋವಿಲ್ಲದವರಿಗೂ ಇರುತ್ತದೆ. ಆದರೆ ನಿಮಗೆ ನೋವುಂಟು, ಅದು ಸುಳ್ಳಲ್ಲ. ಬೆಳಿಗ್ಗೆ ಬಿಗುವು ಎಷ್ಟು ಹೊತ್ತು ಇರುತ್ತದೆಂದು ಗಡಿಯಾರ ನೋಡಿ ಬರೆದಿಡಿ. ಬರೆಯಲು ಆಗದಿದ್ದರೆ ಮಗಳಿಂದ ಬರೆಸಿ. ರಕ್ತದ ಒಂದು ಪರೀಕ್ಷೆ ಮಾಡೋಣ. ನೋವಿಗೆ ಈಗಲೇ ಮದ್ದು ಕೊಡುತ್ತೇನೆ. ಆರು ವಾರ ಬಿಟ್ಟು ಬನ್ನಿ. ನಡುವೆ ಗೆಣ್ಣು ಊದಿಕೊಂಡರೆ ಆ ದಿನವೇ ಬನ್ನಿ.’ ಇಷ್ಟನ್ನು ಹೇಳಲು ಹತ್ತು ನಿಮಿಷ ಬೇಕು, ಮತ್ತು ಆರು ವಾರಗಳ ನಂತರ ಅವಳು ಬಂದಾಗ ಹಿಂದೆ ಹೇಳಿದ್ದು ನೆನಪಿರಬೇಕು.